ಬಡಿಸುವ ಮೊದಲು ಒಂದು ಮಾತು

ಹೋದ ವರ್ಷ ಡಿಸೆಂಬರ್ ಮೊದಲ ವಾರ. ಮೆಲ್ಬರ್ನಿನ ನಮ್ಮ ಪಕ್ಕದ ಮನೆಯವರು ಬೇಲಿ ಹತ್ತಿರ ನಿಂತು ಕರೆದರು. ಎಪ್ಪತ್ತು ದಾಟಿದ ಹೆಂಗಸು, ಒಬ್ಬರೇ ಇರುತ್ತಾರೆ. ಕ್ರಿಸ್‌ಮಸ್ ದಿನ ಮಧ್ಯಾಹ್ನ ಊಟಕ್ಕೆ ಬನ್ನಿ ಎಂದರು. ಅದರ ಬೆನ್ನಿಗೇ ಕೇಳಿದರು: "ನಿಮ್ಮಲ್ಲಿ ಯಾರಿಗೆ ಏನು ಆಗಿಬರೋದಿಲ್ಲ?"

ಮಗಳಿಗೆ ಸೀಲಿಯಾಕ್ ಕಾಯಿಲೆ ಇದೆ, ಗೋಧಿ ಒಂದು ಚೂರೂ ಆಗದು ಎಂದೆ. ಹೆಂಡತಿ ಮೊಟ್ಟೆ ತಿನ್ನುವುದಿಲ್ಲ ಎಂದೂ ಹೇಳಿದೆ. ಒಳಗೆ ಹೋಗಿ ಪೆನ್ನು, ಚೀಟಿ ತಂದು ಬರೆದುಕೊಂಡರು.

ಆ ದಿನ ಊಟವಾದ ಮೇಲೆ ಪಾವ್ಲೋವಾ ತಂದಿಟ್ಟರು. ಇಲ್ಲಿ ಕ್ರಿಸ್‌ಮಸ್ ಬರುವುದು ಸುಡು ಬೇಸಿಗೆಯಲ್ಲಿ, ಹಾಗಾಗಿ ತಣ್ಣಗಿನ ಹಣ್ಣಿನ ಸಿಹಿಯೇ ಜಾಸ್ತಿ. ಮೊಟ್ಟೆಯ ಬಿಳಿಯನ್ನು ಸಕ್ಕರೆ ಹಾಕಿ ನೊರೆ ಬರುವಂತೆ ಬಡಿದು, ಸಣ್ಣ ಉರಿಯ ಓವನ್ನಿನಲ್ಲಿ ಒಣಗಿಸಿದ ದೊಡ್ಡ ಬಿಳಿ ಗೂಡು ಅದು. ಮೇಲೆ ಸಕ್ಕರೆ ಹಾಕದ ಕ್ರೀಮು, ಸ್ಟ್ರಾಬೆರಿ, ಕ್ವೀನ್ಸ್‌ಲ್ಯಾಂಡಿನಿಂದ ಬರುವ ಮಾವಿನಹಣ್ಣು, ಹುಳಿಹುಳಿ ಪ್ಯಾಶನ್ ಫ್ರೂಟ್. ರಷ್ಯಾದ ಬ್ಯಾಲೆ ನರ್ತಕಿ ಅನ್ನಾ ಪಾವ್ಲೋವಾ 1926ರಲ್ಲಿ ಆಸ್ಟ್ರೇಲಿಯಾಕ್ಕೂ ನ್ಯೂಜಿಲೆಂಡಿಗೂ ಬಂದಿದ್ದರು. ಅವರ ಹೆಸರೇ ಇದಕ್ಕೆ. ಮೊದಲು ಮಾಡಿದ್ದು ಯಾರು ಎಂಬ ಜಗಳ ಎರಡು ದೇಶಗಳ ನಡುವೆ ಇನ್ನೂ ಮುಗಿದಿಲ್ಲ.

ನನ್ನ ಕಣ್ಣು ಹೋದದ್ದು ತಟ್ಟೆಯ ಪಕ್ಕ ಇಟ್ಟಿದ್ದ ಖಾಲಿ ಪೊಟ್ಟಣದ ಮೇಲೆ. ಪಾವ್ಲೋವಾಕ್ಕೆ ಒಂದು ಚಮಚ ಕಾರ್ನ್‌ಫ್ಲೋರ್ ಹಾಕುತ್ತಾರೆ. ಇಲ್ಲಿನ ಅಂಗಡಿಗಳಲ್ಲಿ ಗೋಧಿಯಿಂದ ಮಾಡಿದ ಪಿಷ್ಟವನ್ನೂ ಕಾರ್ನ್‌ಫ್ಲೋರ್ ಹೆಸರಲ್ಲೇ ಮಾರುತ್ತಾರೆ, ಮೆಕ್ಕೆಜೋಳದ್ದರ ಪಕ್ಕದಲ್ಲೇ. ಅವರು ಮೆಕ್ಕೆಜೋಳದ್ದನ್ನೇ ಹುಡುಕಿ ತಂದಿದ್ದರು. ಆ ಪೊಟ್ಟಣವನ್ನು ಬಿಸಾಡದೆ ಇಟ್ಟು, ಒಂಬತ್ತು ವರ್ಷದ ನನ್ನ ಮಗಳ ಕೈಗೆ ಕೊಟ್ಟು, "ನೀನೇ ಓದಿ ನೋಡು, ಆಮೇಲೆ ತಿನ್ನು" ಎಂದರು. ಇವಳು ಬೆರಳಿಟ್ಟು ಒಂದೊಂದೇ ಪದ ಓದಿದಳು. ಹೆಂಡತಿಗೆ ಅಂಗೈಯಷ್ಟು ಅಗಲದ ಬೇರೆಯದೇ ಪಾವ್ಲೋವಾ ಇತ್ತು. ಅದಕ್ಕೆ ಮೊಟ್ಟೆಯ ಬದಲು ಡಬ್ಬಿಯ ಕಾಬೂಲಿ ಕಡಲೆಯ ನೀರನ್ನು ಬಡಿದಿದ್ದರು. ನಾವು ಚೆಲ್ಲಿಬಿಡುವ ನೀರು!

ಈಗ ಊರಿನ ಮಾತು. ಈ ಮೇ ತಿಂಗಳಲ್ಲಿ ಸಾಗರದ ಕಡೆ ನೆಂಟರ ಮನೆಯಲ್ಲಿ ಉಪನಯನ. ಹೋಗುವ ಮೊದಲೇ ಫೋನಿನಲ್ಲಿ ಎರಡು ಸಲ ಹೇಳಿದ್ದೆ. ಪಂಕ್ತಿಯಲ್ಲಿ ಕೂತಾಗ ಮಗಳು ಎರಡೂ ಕೈ ಎಲೆಗೆ ಅಡ್ಡ ಹಿಡಿದಿದ್ದಳು. ಆದರೂ ಹೋಳಿಗೆ ಬಿತ್ತು. "ಒಂದು ಚೂರು ತಿಂದ್ರೆ ಏನೂ ಆಗಲ್ಲ ಪುಟ್ಟಿ, ನಮ್ಮನೆ ತುಪ್ಪ ಹಾಕಿದೀವಿ." ಎದುರಿಗೆ ಹತ್ತು ಜನ ಅವಳ ಬಾಯನ್ನೇ ನೋಡುತ್ತಿದ್ದರು. ನಾಚಿಕೆಗೆ ತಿಂದಳು. ಮೂರು ದಿನ ಹೊಟ್ಟೆ ಹಿಡಿದುಕೊಂಡು ಮಲಗಿದಳು. ಹೊಟ್ಟೆನೋವು ಕಣ್ಣಿಗೆ ಕಾಣುವಷ್ಟು ಮಾತ್ರ. ಗೋಧಿಯಲ್ಲಿರುವ ಗ್ಲುಟನ್ ಎಂಬ ಪ್ರೋಟೀನು ಹೊಟ್ಟೆಗೆ ಹೋದರೆ ಸಣ್ಣ ಕರುಳಿನ ಒಳಪದರವೇ ಹಾಳಾಗುತ್ತದೆ, ಮತ್ತೆ ಸರಿಹೋಗಲು ಸಮಯ ಬೇಕು. ಇದಕ್ಕೆ ಮಾತ್ರೆ ಇಲ್ಲ. ತಿನ್ನದೇ ಇರುವುದೇ ಔಷಧ.

ಬಡಿಸಿದವರದ್ದು ಕೆಟ್ಟ ಮನಸ್ಸಲ್ಲ, ಅದು ನನಗೆ ಗೊತ್ತು. ಆದರೂ ಸಿಟ್ಟು ಬರುತ್ತದೆ. ನಮ್ಮಲ್ಲಿ ಉಪಚಾರ ಅಂದರೆ ಒತ್ತಾಯ. ಬೇಡ ಅಂದರೆ ಸಂಕೋಚ ಅಂದುಕೊಳ್ಳುತ್ತಾರೆ. ಯಾಕೆ ತಿಂದಿಲ್ಲ ಎಂದು ಬಡಿಸಿದ ಮೇಲೆ ಕೇಳುತ್ತಾರೆ, ಏನು ತಿನ್ನುತ್ತೀರಿ ಎಂದು ಮೊದಲು ಕೇಳುವುದಿಲ್ಲ. ಸಾರಿಗೆ ಹಾಕುವ ಡಬ್ಬಿ ಇಂಗಿಗೂ ಎಷ್ಟೋ ಕಡೆ ಮೈದಾ ಬೆರೆಸಿರುತ್ತಾರೆ. ಡಬ್ಬಿ ತಿರುಗಿಸಿ ಓದಿದರೆ ಗೊತ್ತಾಗುತ್ತದೆ. ಅಡುಗೆ ಮನೆಯಲ್ಲಿ ಆ ಡಬ್ಬಿ ತೋರಿಸಿ ಎಂದು ಕೇಳಿದ್ದಕ್ಕೆ, ಪರದೇಶಕ್ಕೆ ಹೋದ ಮೇಲೆ ಇವನಿಗೆ ಎಲ್ಲದರಲ್ಲೂ ಅನುಮಾನ ಎಂದರು.

ಇನ್ನೊಂದು ಬೇಜಾರು. ನಮ್ಮ ದಿನದ ಊಟದಲ್ಲಿ ಗೋಧಿ ಎಷ್ಟಿದೆ ಹೇಳಿ? ಅಕ್ಕಿ ರೊಟ್ಟಿ, ನೀರು ದೋಸೆ, ರಾಗಿ ಮುದ್ದೆ, ಜೋಳದ ರೊಟ್ಟಿ. ನನ್ನ ಮಗಳಂಥವರಿಗೆ ಕರ್ನಾಟಕದಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಆದರೆ ಸಮಾರಂಭ ಅಂದ ಕೂಡಲೇ ಮೈದಾ, ರವೆ ಒಳಗೆ ಬರುತ್ತವೆ. ಕೇಸರಿಬಾತ್, ಚಿರೋಟಿ, ಜಾಮೂನು. ಸೀಕರಣೆ, ರಸಾಯನ ಮನೆಮಂದಿಗೆ ಮಾತ್ರ ಸಾಕು ಎಂಬಂತೆ ಹಿಂದೆ ಸರಿದಿವೆ. ಹಣ್ಣು ಹೆಚ್ಚಿ ನೆಂಟರಿಗೆ ಬಡಿಸುವುದು ಕಡಿಮೆ ಅಂತ ಯಾವಾಗ ಅನಿಸಿತೋ!

ಇಷ್ಟು ಹೇಳಿದ ಮೇಲೆ ಆ ಮನೆಯಲ್ಲಿದ್ದ ಅಜ್ಜಿಯ ವಿಷಯ ಬಿಟ್ಟರೆ ತಪ್ಪಾಗುತ್ತದೆ. ಅಜ್ಜಿಗೆ ಎಂಬತ್ತೆರಡು. ಮಗಳು ಮಲಗಿದ್ದ ಎರಡನೇ ದಿನ ನನ್ನನ್ನು ಕೂರಿಸಿಕೊಂಡು ಎಲ್ಲಾ ಕೇಳಿದರು. ಸೌಟು ಕೂಡ ಬೇರೆ ಬೇಕು, ಒಂದೇ ಕೈಯಲ್ಲಿ ಎರಡನ್ನೂ ಮುಟ್ಟಬಾರದು ಎಂದು ನಾನು ವಿವರಿಸುತ್ತಲೇ ಇದ್ದೆ. ಅವರು ನಡುವೆಯೇ, "ಅಂದ್ರೆ ಗೋಧಿ ಈ ಕೂಸಿಗೆ ಮುಸುರೆ ಇದ್ದ ಹಾಂಗೆ, ಅಲ್ದಾ?" ಎಂದರು. ಐದು ವರ್ಷದಿಂದ ನೆಂಟರಿಗೆ ಹೇಳಲು ನಾನು ಹುಡುಕುತ್ತಿದ್ದ ಮಾತು ಅದು.

ಮರುದಿನ ಶಾವಿಗೆ ಒರಳನ್ನು ಕುದಿಯುವ ನೀರಿನಲ್ಲಿ ತೊಳೆಸಿದರು. ಹೊಸ ಬಟ್ಟೆಯಲ್ಲಿ ಕಾಯಿಹಾಲು ಹಿಂಡಿದರು. ಪುಟ್ಟಬಾಳೆ ಹಣ್ಣನ್ನು ತೆಳ್ಳಗೆ ಹೆಚ್ಚಿ, ಬೆಲ್ಲ, ಏಲಕ್ಕಿ, ಹುರಿದು ಜಜ್ಜಿದ ಎಳ್ಳು ಹಾಕಿದರು. ಅಕ್ಕಿಯ ಒತ್ತು ಶಾವಿಗೆಯ ಮೇಲೆ ಆ ರಸಾಯನ. ಮಗಳು ಹೆದರದೆ ಎರಡನೇ ಸಲ ಹಾಕಿಸಿಕೊಂಡಳು. ಆ ಮನೆಯಲ್ಲಿ ಒಂದು ವಾರದಲ್ಲಿ ಅವಳು ಪೊಟ್ಟಣ ಕೇಳದೆ ತಿಂದದ್ದು ಅದೊಂದೇ. ಪಾವ್ಲೋವಾ ಬಾಯಲ್ಲಿಟ್ಟರೆ ಕರಗುತ್ತದೆ ನಿಜ, ಆದರೆ ನಾಲ್ಕು ಮೊಟ್ಟೆಗೆ ಒಂದು ಲೋಟದಷ್ಟು ಸಕ್ಕರೆ ಬೇಕು. ರುಚಿಯಲ್ಲಿ ಅಜ್ಜಿಯ ರಸಾಯನಕ್ಕೆ ಅದು ಸಾಟಿಯಲ್ಲ.

ಹಾಗಂತ ನನ್ನ ಮಾತು ಹಿಂದೆ ತೆಗೆದುಕೊಳ್ಳುವುದಿಲ್ಲ. ಎಲ್ಲರ ಮನೆಯಲ್ಲೂ ಅಂಥ ಅಜ್ಜಿ ಇರುವುದಿಲ್ಲ. ಬಡಿಸುವ ಮೊದಲು ಕೇಳಲು ಅಜ್ಜಿಯೇ ಆಗಬೇಕೆಂದಿಲ್ಲವಲ್ಲ.

ಈ ಸಲದ ಕ್ರಿಸ್‌ಮಸ್‌ಗೆ ಪಕ್ಕದ ಮನೆಗೆ ಸಿಹಿ ನಮ್ಮದು ಎಂದು ಮೊದಲೇ ಹೇಳಿದ್ದೇವೆ. ಒತ್ತು ಶಾವಿಗೆ, ಮಾವಿನಹಣ್ಣಿನ ರಸಾಯನ. ಡಬ್ಬಿಯ ಕಾಯಿಹಾಲು ಬೇಡ, ಕಾಯಿ ತಂದು ಹಿಂಡೋಣ ಎಂದು ಹೆಂಡತಿ ಹಟ ಹಿಡಿದಿದ್ದಾಳೆ. ಏನೇನು ಹಾಕುತ್ತೇವೆ ಎಂದು ಮಗಳು ಪಟ್ಟಿ ಬರೆದು ಅವರಿಗೆ ಕಳಿಸಿದಳು. ಹತ್ತೇ ನಿಮಿಷದಲ್ಲಿ ಅವರ ಫೋನು ಬಂತು. ಈ ವರ್ಷ ಅವರ ಮೊಮ್ಮಗನೂ ಬರುತ್ತಾನಂತೆ, ಅವನಿಗೆ ಎಳ್ಳು ಆಗುವುದಿಲ್ಲವಂತೆ.

ನಾನು ಕೇಳಿರಲಿಲ್ಲ. ಮಗಳು ಪಟ್ಟಿಯಲ್ಲಿ ಎಳ್ಳು ಹೊಡೆದುಹಾಕಿ, ಏಲಕ್ಕಿಯ ಮುಂದೆ "ಸ್ವಲ್ಪ ಜಾಸ್ತಿ" ಎಂದು ಬರೆದಿದ್ದಾಳೆ.