ಆರೂಮುಕ್ಕಾಲರ ಬಸ್ಸು

ಮಡಿಕೇರಿಯಲ್ಲಿ ಅಂಗಡಿ ಕೆಲಸ ಕೇಳಿಕೊಂಡು ಹೋದರೆ ಮೊದಲು ಕೇಳುವುದು ಏನು ಓದಿದ್ದೀಯ ಅಂತ ಅಲ್ಲ, ಸಂಜೆ ಎಷ್ಟು ಗಂಟೆಗೆ ಬಸ್ಸು ಅಂತ. ನನ್ನನ್ನೂ ಹಾಗೇ ಕೇಳಿದ್ದರು. ಆರೂಮುಕ್ಕಾಲು ಅಂದೆ. ಯಜಮಾನರ ಮುಖ ಸಪ್ಪಗಾಯಿತು. ಪೇಟೆಯಲ್ಲೇ ಮನೆ ಇದ್ದ ಹುಡುಗಿಗೆ ಕ್ಯಾಶ್ ಕೌಂಟರ್ ಸಿಕ್ಕಿತು, ನನಗೆ ಪ್ಯಾಕಿಂಗ್. ನಾನು ಬಿ.ಕಾಂ., ಸುಮ್ನೆ ಹೇಳಿದೆ ಅಷ್ಟೇ.

ನಮ್ಮೂರು ಮೂರ್ನಾಡಿನಿಂದ ಒಳಗೆ. ಮೇಕೇರಿ, ಹಾಕತ್ತೂರು ದಾಟಿ ಮೂರ್ನಾಡಿನವರೆಗೆ ಬಸ್ಸಿಗೇನೂ ಬರವಿಲ್ಲ, ವಿರಾಜಪೇಟೆ ರಸ್ತೆ ಅಲ್ವಾ. ಅಲ್ಲಿಂದಾಚೆ ನಮ್ಮ ಒಳರಸ್ತೆಗೆ ಸಂಜೆ ಬರುವುದು ಒಂದೇ ಪ್ರೈವೇಟ್ ಬಸ್ಸು. ಅದು ತಪ್ಪಿದರೆ ಆಟೋ. ಆಟೋದವರು ಖಾಲಿ ವಾಪಸ್ ಬರಬೇಕಲ್ಲ, ಅದನ್ನೂ ಸೇರಿಸಿಯೇ ಬಾಡಿಗೆ ಕೇಳುತ್ತಾರೆ. ಆ ದಿನದ ಸಂಬಳದಲ್ಲಿ ಅರ್ಧ ಅಲ್ಲಿಗೇ ಹೋಯಿತು.

ಮಳೆಗಾಲದಲ್ಲಿ ಆ ಬಸ್ಸನ್ನು ಒಮ್ಮೆ ಹತ್ತಿ ನೋಡಬೇಕು. ಕಿಟಕಿಗೆ ಟಾರ್ಪಾಲು ಇಳಿಬಿಟ್ಟು ಒಳಗೆಲ್ಲ ಕತ್ತಲೆ. ಎಲ್ಲರ ಕೊಡೆಯ ನೀರೂ ಒಟ್ಟಾಗಿ, ಬಸ್ಸು ತಿರುವಿನಲ್ಲಿ ವಾಲಿದ ಕಡೆಗೆ ಹರಿಯುತ್ತದೆ. ಜವಳಿ ಅಂಗಡಿ ಹುಡುಗಿಯರ ಕೈಯಲ್ಲಿ ಒಂದೊಂದು ಪ್ಲಾಸ್ಟಿಕ್ ಕವರು. ಬೆಳಿಗ್ಗೆ ಅದರೊಳಗೆ ಒಣಗಿದ ಪ್ಯಾಂಟು, ಒಂದು ಜೊತೆ ಚಪ್ಪಲಿ ಇರುತ್ತದೆ, ಅಂಗಡಿ ಮುಟ್ಟಿದ ಮೇಲೆ ಬದಲಾಯಿಸಲಿಕ್ಕೆ. ಸಂಜೆ ಮತ್ತೆ ಆ ಒದ್ದೆಯದನ್ನೇ ಹಾಕಿಕೊಳ್ಳಬೇಕು. ಯಾರು ಎಲ್ಲಿ ಇಳಿಯುತ್ತಾರೆ ಅಂತ ಕಂಡಕ್ಟರ್‌ಗೆ ಬಾಯಿಪಾಠ. ಒಬ್ಬರು ಕಾಣದಿದ್ದರೆ, "ಔಷಧಿ ಅಂಗಡಿ ಅಕ್ಕ ಬಂದಿಲ್ಲ, ಯಾರಾದ್ರೂ ಫೋನ್ ಮಾಡಿ" ಅನ್ನುತ್ತಾನೆ. ಎರಡು ನಿಮಿಷ ನಿಲ್ಲಿಸುತ್ತಾನೆ. ಮೂರನೇ ನಿಮಿಷಕ್ಕೆ ಹಿಂದಿನ ಬಸ್ಸಿನವನ ಹಾರನ್ ಶುರು.

2023ರ ಜೂನ್ 11ರಿಂದ ಹೆಂಗಸರಿಗೆ ಸರಕಾರಿ ಬಸ್ಸು ಫ್ರೀ. ಕುಶಾಲನಗರದಿಂದ ಬರುವ ನಮ್ಮ ಅಂಗಡಿಯವಳಿಗೆ ಸುಮಾರು 30 ಕಿಲೋಮೀಟರ್, ಟಿಕೆಟ್ ಸೊನ್ನೆ. ನನಗೆ ಅಷ್ಟು ದೂರವೂ ಇಲ್ಲ, ದಿನಾ ದುಡ್ಡು. ಅವಳ ಮೇಲೆ ಹೊಟ್ಟೆಕಿಚ್ಚಿಲ್ಲ. ಸರಿ, ಸ್ವಲ್ಪ ಇದೆ. ಮೂರ್ನಾಡಿನವರೆಗೆ ಸರಕಾರಿ ಬಸ್ಸಲ್ಲಿ ಹೋಗಿ ಅಲ್ಲಿ ಬದಲಾಯಿಸಬಹುದಲ್ಲ ಅಂತ ಕೇಳುತ್ತಾರೆ. ಅಲ್ಲಿ ಸಿಗುವುದೂ ಇದೇ ಬಸ್ಸು. ಅಷ್ಟು ಹೊತ್ತಿಗೆ ಅದರಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಸ್ಕೂಟರ್ ತಗೊಳ್ಳಿ ಅನ್ನುವವರು ಜುಲೈ ತಿಂಗಳ ಮಂಜಿನಲ್ಲಿ ಒಂದು ಸಂಜೆ ಓಡಿಸಿ ಬಂದು ಮಾತಾಡಲಿ.

ಅಸಲು ಕಷ್ಟ ಶನಿವಾರ, ಭಾನುವಾರ. ರಾಜಾಸೀಟ್‌ನಲ್ಲಿ ಸೂರ್ಯಾಸ್ತ ನೋಡಿದವರೆಲ್ಲ ಆರೂವರೆ ಹೊತ್ತಿಗೆ ಅಂಗಡಿಗೆ ನುಗ್ಗುತ್ತಾರೆ. ಕಾಫಿ ಪುಡಿ, ಕರಿಮೆಣಸು, ಏಲಕ್ಕಿ, ಹೋಂಮೇಡ್ ಚಾಕೊಲೇಟ್. ವ್ಯಾಪಾರ ಏರುವ ಹೊತ್ತೂ ಅದೇ, ನನ್ನ ಬಸ್ಸಿನ ಹೊತ್ತೂ ಅದೇ. "ಐದು ನಿಮಿಷ ನಿಲ್ಲಮ್ಮಾ" ಅನ್ನುತ್ತಾರೆ ಯಜಮಾನರು. ಅವರ ಐದು ನಿಮಿಷಕ್ಕೆ ನನ್ನ ಆಟೋ ಬಾಡಿಗೆ.

ಈ ಊರಲ್ಲಿ ಯಾವ ಮಾತು ಎತ್ತಿದರೂ ಪಾರ್ಕಿಂಗ್‌ಗೆ ಬಂದು ನಿಲ್ಲುತ್ತದೆ. ಬಂದವರ ಕಾರು ಎಲ್ಲಿ ನಿಲ್ಲಬೇಕು ಅಂತ ಎಲ್ಲರಿಗೂ ಚಿಂತೆ. ಅವರಿಗೆ ಸಾಮಾನು ಕಟ್ಟಿಕೊಟ್ಟವಳು ಮನೆಗೆ ಹೇಗೆ ಹೋಗುತ್ತಾಳೆ ಅಂತ ಯಾರೂ ಕೇಳಿದ್ದು ನಾನು ಕೇಳಿಲ್ಲ. ಜಿಲ್ಲೆಗೆ ರೈಲು ಬರುತ್ತದೆ ಅನ್ನುವ ಮಾತಂತೂ ಕೇಳಿ ಕೇಳಿ ಸಾಕಾಗಿದೆ. ನನಗೆ ರೈಲು ಬೇಡ. ರಾತ್ರಿ ಎಂಟಕ್ಕೆ ಒಂದು ಮಿನಿ ಬಸ್ಸು ಸಾಕು. ಅದೂ ಆಗದಿದ್ದರೆ ಒಂಬತ್ತರ ತನಕ ಬಾಗಿಲು ತೆರೆದಿಡುವ ಅಂಗಡಿಯವರೇ ಸೇರಿ ಒಂದು ವ್ಯಾನ್ ಇಡಲಿ. ಕಾಫಿ ಕುಯ್ಲಿನ ಕಾಲದಲ್ಲಿ ತೋಟದವರು ಜೀಪು ಕಳಿಸಿ ಕೆಲಸದವರನ್ನು ಕರೆಸಿಕೊಳ್ಳುತ್ತಾರೆ. ಅದರಲ್ಲಿ ಜನರನ್ನು ತುಂಬುವ ರೀತಿಗೆ ಇನ್ನೊಂದು ಪೋಸ್ಟೇ ಬೇಕು. ಆದರೂ ಕೆಲಸದವರನ್ನು ಮನೆ ಮುಟ್ಟಿಸುವುದು ತಮ್ಮ ತಲೆನೋವು ಅಂತ ಅವರಿಗೆ ಗೊತ್ತಿದೆ.

ಔಷಧಿ ಅಂಗಡಿ ಅಕ್ಕ ಹೋದ ತಿಂಗಳು ಕೆಲಸ ಬಿಟ್ಟರು. ರಾತ್ರಿ ಎಂಟೂವರೆ ತನಕ ನಿಲ್ಲಬೇಕು ಅಂದರಂತೆ. ಕಂಡಕ್ಟರ್ ಮೊನ್ನೆಯೂ ಮರೆತು, ಅವರು ಬಂದರಾ ಅಂತ ಬಾಗಿಲಲ್ಲಿ ಬಗ್ಗಿ ನೋಡಿದ.