ಕಲ್ಕುಡನನ್ನು ಬಿಟ್ಟಿದ್ದೀರಿ

ಭೂತಗಳ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ. ಆದರೆ ಜಗತ್ತಿನ ಎಲ್ಲ ಭೂತಗಳೂ ಕತ್ತಲೆಯ ಭಯದಿಂದಲೇ ಹುಟ್ಟಿದವು ಅಂತ ಬರೆದಿದ್ದನ್ನು ಒಪ್ಪೋಕೆ ಆಗಲಿಲ್ಲ. ತುಳುನಾಡಿನಲ್ಲಿ ಭೂತ ಅಂದರೆ ದೈವ, ಅಲ್ಲಿನ ಕಲ್ಕುಡನನ್ನೇ ನೋಡಿ. ಪಾಡ್ದನದ (ತುಳು ಜನಪದ ಕಥನ ಹಾಡಿನ) ಪ್ರಕಾರ ಬೀರ ಕಲ್ಕುಡ ಅನ್ನೋ ಶಿಲ್ಪಿ ಕಾರ್ಕಳದಲ್ಲಿ ಗೊಮ್ಮಟನನ್ನು ಕೆತ್ತುತ್ತಾನೆ, ಇಂಥದ್ದು ಇನ್ನೆಲ್ಲೂ ಆಗಬಾರದು ಅಂತ ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿಬಿಡುತ್ತಾನೆ. ಉಳಿದ ಒಂದೇ ಕೈಯಲ್ಲಿ ಅವನು ವೇಣೂರಿಗೆ ಹೋಗಿ ಇನ್ನೊಂದು ಗೊಮ್ಮಟನನ್ನು ನಿಲ್ಲಿಸುತ್ತಾನೆ! ಆಮೇಲೆ ತಂಗಿ ಕಲ್ಲುರ್ಟಿ ಜೊತೆ ದೈವವಾಗಿ ಸೇಡು ತೀರಿಸಿಕೊಳ್ಳುತ್ತಾನೆ. ಇಲ್ಲಿ ಭಯಪಡಬೇಕಾದವನು ಅರಸ, ಅಲ್ವಾ?

ಕಾರ್ಕಳದ ಮೂರ್ತಿ 1432ರದ್ದು, ವೇಣೂರಿನದ್ದು 1604ರದ್ದು, ಒಬ್ಬನೇ ಎರಡನ್ನೂ ಕೆತ್ತಿರೋಕೆ ಸಾಧ್ಯವಿಲ್ಲ, ನಿಜ. ಆದರೆ ಶಾಸನಗಳಲ್ಲಿರೋದು ಮೂರ್ತಿ ನಿಲ್ಲಿಸಿದ ಅರಸರ ಹೆಸರು. ಉಳಿ ಹಿಡಿದವನ ಕಥೆ ಉಳಿದಿದ್ದು ಗದ್ದೆಯಲ್ಲಿ ನೇಜಿ (ಭತ್ತದ ಸಸಿ) ನೆಡುತ್ತಾ ಪಾಡ್ದನ ಹೇಳಿದ ಹೆಂಗಸರ ಬಾಯಲ್ಲಿ.

ದೈವಕ್ಕೆ ವೇಷ ಕಟ್ಟಿ ಕುಣಿಯೋ ಕೋಲದಲ್ಲೂ ನೋಡಿ, ಮುಖಕ್ಕೆ ಅರದಳ ಅನ್ನೋ ಖನಿಜದ ಹಳದಿ, ಸೊಂಟಕ್ಕೆ ಎಳೆ ತೆಂಗಿನ ಗರಿ, ಕಾಲಿಗೆ ಗಗ್ಗರ (ದೊಡ್ಡ ಗೆಜ್ಜೆ) ಕಟ್ಟಿ ನಿಲ್ಲೋರು ಪಂಬದ, ಪರವ, ನಲಿಕೆ ಸಮುದಾಯದವರು. ಅವರ ಮುಂದೆ ಗುತ್ತಿನ (ಊರಿನ ದೊಡ್ಡ ಜಮೀನುದಾರ ಮನೆಯ) ಯಜಮಾನ ಕೈಮುಗಿದು ನಿಲ್ಲಬೇಕು, ಊರಿನ ಜಗಳಕ್ಕೆ ದೈವ ನುಡಿ ಕೊಡುತ್ತೆ. ವೇಷ ಕಳಚಿದ ಮೇಲೆ ಅದೇ ಯಜಮಾನನ ಮನೆಯೊಳಗೆ ಆ ಕಲಾವಿದನಿಗೆ ಜಾಗ ಇರಲಿಲ್ಲ ಅನ್ನೋದು ನನಗೆ ಇವತ್ತಿಗೂ ತುಂಬಾ ಬೇಜಾರಿನ ವಿಷಯ. ಮುಂದಿನ ಭಾಗ ಬರೆಯೋದಾದರೆ ದಯವಿಟ್ಟು ಇದನ್ನೂ ಬರೆಯಿರಿ.