ಅಳಿಯನ ಮ್ಯಾಲ ಸಿಟ್ಟು

ಮೊನ್ನೆ ಆಫೀಸಿನಲ್ಲಿ ಊಟದ ಹೊತ್ತಿಗೆ, ಮೈಸೂರು ಕಡೆಯಿಂದ ವರ್ಗವಾಗಿ ಬಂದಿರುವ ಹುಡುಗನೊಬ್ಬ ಹೇಳಿದ. "ಸರ್, ಈಗ ದುಡಿಯೋ ವಯಸ್ಸು. ದೇವರು, ಗುಡಿ, ಪೂಜೆ ಎಲ್ಲ ರಿಟೈರ್ ಆದ್ಮೇಲೆ ನೋಡ್ಕೊಂಡ್ರಾಯ್ತು. ಆಗ ಅದೇ ತಾನೇ ಕೆಲಸ?"

ಒಳ್ಳೆ ಹುಡುಗ. ಮಾತಿನಲ್ಲಿ ಕುಹಕ ಏನೂ ಇರಲಿಲ್ಲ. ಪಿಎಫ್ ಹಣದ ಹಾಗೆ ಭಕ್ತಿಯನ್ನೂ ಕೊನೆಗೆ ಒಂದೇ ಸಲ ತೆಗೆದುಕೊಳ್ಳಬಹುದು ಅಂತ ಅವನ ಲೆಕ್ಕ. (ಪಿಎಫ್‌ಗಾದರೂ ತಿಂಗಳು ತಿಂಗಳು ಕಟ್ಟಿರಬೇಕಲ್ಲಪ್ಪ ಅಂತ ಹೇಳಬೇಕಿತ್ತು. ಇಂಥ ಉತ್ತರ ನನಗೆ ಯಾವಾಗಲೂ ರಾತ್ರಿ ಹಾಸಿಗೆಯಲ್ಲಿ ಹೊಳೆಯುತ್ತದೆ.) ನಕ್ಕು ಸುಮ್ಮನಾದೆ. ಆದರೆ ಆ ಮಾತು ತಲೆಯಿಂದ ಹೋಗಲಿಲ್ಲ. ನನಗೀಗ 57. ಮನೆಯಲ್ಲಿ 81 ವರ್ಷದ ಅಪ್ಪ ಇದ್ದಾನೆ. ವಯಸ್ಸಾದವರಿಗೆ ದೇವರನ್ನು ನಂಬುವುದು ಸುಲಭ, ಅವರಿಗೆ ಬೇರೆ ಏನು ಕೆಲಸ ಅಂತ ನಾವೆಲ್ಲ ತಿಳಿದಿದ್ದೇವೆ ಅಲ್ವಾ? ನಾನು ನನ್ನ ಮನೆಯಲ್ಲಿ ನೋಡಿದ್ದು ಪೂರ್ತಿ ಉಲ್ಟಾ. ಇಪ್ಪತ್ತರಲ್ಲಿ ನಂಬೋದು ಸಲೀಸು. ಮೈಯಲ್ಲಿ ಕಸುವಿರುತ್ತದೆ, ಬೇಡಿದ್ದು ಇವತ್ತಲ್ಲ ನಾಳೆ ಸಿಕ್ಕೀತು ಅನ್ನುವಷ್ಟು ದಿನಗಳೂ ಮುಂದಿರುತ್ತವೆ. ಎಂಬತ್ತರಲ್ಲಿ ಎರಡೂ ಇರುವುದಿಲ್ಲ.

ನಮ್ಮದು ಬಾಗಲಕೋಟೆ ಕಡೆ. ಈ ಕಡೆಯವರಿಗೆ ಮಲ್ಲಯ್ಯನ ಬಗ್ಗೆ ನಾನು ಹೇಳುವುದೇನೂ ಇಲ್ಲ. ಉಳಿದವರಿಗಾಗಿ ಹೇಳುತ್ತೇನೆ, ಮಲ್ಲಯ್ಯ ಅಂದರೆ ಶ್ರೀಶೈಲದ ಮಲ್ಲಿಕಾರ್ಜುನ. ಹೋಳಿ ಮುಗಿಯುತ್ತಿದ್ದಂತೆ ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಹಳ್ಳಿಗಳಿಂದ ಜನ ಶ್ರೀಶೈಲಕ್ಕೆ ನಡೆಯಲು ಹೊರಡುತ್ತಾರೆ. ಯುಗಾದಿಗೆ ಅಲ್ಲಿ ಮುಟ್ಟಬೇಕು. ಊರಿನ ಕಂಬಿ (ಮಲ್ಲಯ್ಯನ ಹೆಸರಿನಲ್ಲಿ ಹೆಗಲ ಮೇಲೆ ಹೊರುವ, ಅಲಂಕಾರ ಮಾಡಿದ ಕೋಲು) ಮುಂದೆ, ಜನ ಹಿಂದೆ. ನಮ್ಮ ಊರಿಂದ 400 ಕಿಲೋಮೀಟರಿಗೂ ಜಾಸ್ತಿ. ಬಿಸಿಲು ಎಂಥದು ಅಂತ ರಾಯಚೂರು ಕಡೆಯವರನ್ನು ಕೇಳಿ. ಬೆಳಗಿನ ಜಾವ ಎದ್ದು ನಡೆಯುವುದು, ಬಿಸಿಲೇರಿದಾಗ ಯಾವುದೋ ಗುಡಿಯಲ್ಲೋ ಬೇವಿನ ಮರದ ಕೆಳಗೋ ಅಡ್ಡಾಗುವುದು, ಸಂಜೆ ಮತ್ತೆ ನಡಿಗೆ. ದಾರಿಯುದ್ದಕ್ಕೂ ಊರಿನವರೇ ದಾಸೋಹ ಇಟ್ಟಿರುತ್ತಾರೆ. ರೊಟ್ಟಿ, ಶೇಂಗಾ ಚಟ್ನಿ, ಮಜ್ಜಿಗೆ, ಕಲ್ಲಂಗಡಿ. ನಡೆಯುವವರ ಕಾಲು ಒತ್ತಿ ಎಣ್ಣೆ ಹಚ್ಚುವವರೂ ಇರುತ್ತಾರೆ, ಅದು ಅವರ ಹರಕೆ. ಕೆಲವು ಹುಡುಗರು ಮರಗಾಲು ಕಟ್ಟಿಕೊಂಡು ನಡೆಯುತ್ತಾರೆ. ಕರ್ನೂಲು ದಾಟಿ ಆತ್ಮಕೂರು ಬಂತೆಂದರೆ ಮುಂದೆ ನಲ್ಲಮಲ ಕಾಡು. ನಾಗಲೂಟಿ, ಪೆದ್ದಚೆರುವು, ಆಮೇಲೆ ಭೀಮನಕೊಳ್ಳ. ಕೊಳ್ಳಕ್ಕೆ ಇಳಿದು, ಮತ್ತೆ ಕಲ್ಲಿನ ಮೆಟ್ಟಿಲು ಹತ್ತಿ ಕೈಲಾಸ ದ್ವಾರ ಮುಟ್ಟಬೇಕು. ಅಲ್ಲಿಯವರೆಗೆ ಹಾಡಿಕೊಂಡು ಬಂದವರೂ ಆ ಮೆಟ್ಟಿಲಲ್ಲಿ ಮಾತು ನಿಲ್ಲಿಸುತ್ತಾರೆ ಅಂತ ಅಪ್ಪ ಹೇಳುತ್ತಿದ್ದ.

ಅಪ್ಪ ಮೊದಲು ನಡೆದದ್ದು 1963ರಲ್ಲಿ. 19ರ ಹುಡುಗ. ಭಕ್ತಿಯಿಂದ ಹೋದೆ ಅಂತ ಅವನು ಯಾವತ್ತೂ ಹೇಳಿಲ್ಲ. ಗೆಳೆಯರು ಹೊರಟರು, ಇವನೂ ಹೊರಟ. ಮರಗಾಲು ಕಟ್ಟಿ ನಡೆದರೆ ಊರಿನ ಹುಡುಗಿಯರು ನೋಡುತ್ತಾರೆ ಅನ್ನುವುದೂ ಇತ್ತಂತೆ (ಅವ್ವ ಇದನ್ನು ಹೇಳುವಾಗ ಅಪ್ಪ ಎದ್ದು ಹೊರಗೆ ಹೋಗುತ್ತಿದ್ದ). ಭೀಮನಕೊಳ್ಳದ ಏರಿನಲ್ಲಿ ಯಾರೋ ಮುದುಕ ಏದುಸಿರು ಬಿಡುತ್ತ ಕುಳಿತಿದ್ದನಂತೆ. ಇವನು ಅವನ ಗಂಟನ್ನು ತನ್ನ ತಲೆ ಮೇಲೆ ಇಟ್ಟುಕೊಂಡು ಹತ್ತಿದ. ಕೊನೆಯ ಸಲ ನಡೆದದ್ದು 2012ರಲ್ಲಿ, 68ಕ್ಕೆ. ಅದೇ ಏರಿನಲ್ಲಿ ಮುಧೋಳ ಕಡೆಯ ಒಬ್ಬ ಹುಡುಗ ಇವನ ಗಂಟು ಹೊತ್ತನಂತೆ. ನಡುವೆ ಒಟ್ಟು 41 ಸಲ. ಇದು ಅವ್ವ ಇಟ್ಟ ಲೆಕ್ಕ. ಅವನು ಎಣಿಸಿಲ್ಲ.

ನಾನೂ ಒಮ್ಮೆ ಹೋಗಿದ್ದೆ, 30ರ ವಯಸ್ಸಿನಲ್ಲಿ. ನಾಲ್ಕು ದಿನ ನಡೆದು, ಪಾದದಲ್ಲಿ ಬೊಬ್ಬೆ ಎದ್ದು, ಲಿಂಗಸುಗೂರಿನಿಂದ ಬಸ್ಸು ಹತ್ತಿ ವಾಪಸು ಬಂದೆ. ಆ ವಿಷಯ ಇಷ್ಟಕ್ಕೇ ಸಾಕು.

ಇಲ್ಲಿ ಒಂದು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಕಡೆಯವರಿಗೆ ಶ್ರೀಶೈಲದ ಭ್ರಮರಾಂಬೆ ಮನೆ ಮಗಳು. ಮಲ್ಲಯ್ಯ ಅಳಿಯ. ಹನ್ನೆರಡು ಜ್ಯೋತಿರ್ಲಿಂಗಗಳಲ್ಲಿ ಒಂದು ಅಂತ ಪುಸ್ತಕದಲ್ಲಿ ಇರುತ್ತದೆ, ಇರಲಿ. ನಮ್ಮವರು ಅಲ್ಲಿಗೆ ಹೋಗುವುದು ಮಗಳ ಮನೆಗೆ ಹೋದ ಹಾಗೆ. ಯುಗಾದಿ ಹಬ್ಬ, ಮಗಳಿಗೆ ಸೀರೆ, ಕುಬಸ, ಬಳೆ, ಅರಿಸಿನ ಕುಂಕುಮ ಒಯ್ಯಬೇಕು. ಬರಿಗೈಯಲ್ಲಿ ಹೋದರೆ ಬೀಗರ ಮುಂದೆ ಮರ್ಯಾದೆ ಉಳಿಯುತ್ತದೆಯೇ? ನಮ್ಮ ಮನೆಯಿಂದ ಪ್ರತಿ ವರ್ಷ ಒಂದು ಇಳಕಲ್ ಸೀರೆ ಹೋಗುತ್ತಿತ್ತು. ಆರಿಸುವವಳು ಅವ್ವ. ತನಗೆ ಕೊಳ್ಳುವಾಗ ಹತ್ತು ನಿಮಿಷ, ಭ್ರಮರಾಂಬೆಗೆ ಕೊಳ್ಳುವಾಗ ಅರ್ಧ ದಿನ.

ಈಗ ನಂಬಿಕೆಯ ವಿಷಯ.

ಹರೆಯದಲ್ಲಿ ಅಪ್ಪ ಬೇಡುತ್ತಿದ್ದದ್ದು ಒಂದೇ, ಹೊಲ. ಬೀಳಗಿ ತಾಲೂಕಿನಲ್ಲಿ ಕೃಷ್ಣೆಯ ದಂಡೆಗೆ ನಮ್ಮದು ಎಂಟು ಎಕರೆ ಎರಿ ಹೊಲ. ಮಳೆ ಬರಲಿ, ಜೋಳ ಚೆನ್ನಾಗಿ ಬರಲಿ, ಸಾಲ ತೀರಲಿ. ತಮಾಷೆ ನೋಡಿ, ಅವನು ಮೊದಲ ಸಲ ನಡೆದು ಬಂದ ಮರುವರ್ಷವೇ, 1964ರಲ್ಲಿ, ಲಾಲ್ ಬಹದ್ದೂರ್ ಶಾಸ್ತ್ರಿಗಳು ಆಲಮಟ್ಟಿಯಲ್ಲಿ ಅಣೆಕಟ್ಟೆಗೆ ಅಡಿಗಲ್ಲು ಹಾಕಿದ್ದರು. ಇವನು ಪ್ರತಿ ಯುಗಾದಿಗೆ ಹೋಗಿ ಹೊಲ ಕಾಪಾಡಪ್ಪ ಅಂತ ಕೇಳುತ್ತಲೇ ಇದ್ದ, ಇತ್ತ ಅದನ್ನು ಮುಳುಗಿಸುವ ಕಟ್ಟೆ ಒಂದೊಂದೇ ಕಲ್ಲು ಏರುತ್ತಲೇ ಇತ್ತು. 2000ದಲ್ಲಿ ಸುಪ್ರೀಂ ಕೋರ್ಟು ಸಮುದ್ರ ಮಟ್ಟದಿಂದ 519.6 ಮೀಟರ್‌ವರೆಗೆ ನೀರು ನಿಲ್ಲಿಸಲು ಒಪ್ಪಿಗೆ ಕೊಟ್ಟಿತು. ಒಂದೆರಡು ವರ್ಷದಲ್ಲಿ ನಮ್ಮ ಹೊಲ ಹಿನ್ನೀರಿಗೆ ಹೋಯಿತು. ಬಾಗಲಕೋಟೆ ಜಿಲ್ಲೆಯಲ್ಲಿ "ಮುಳುಗಡೆ" ಅಂದರೆ ಸಾಕು, ಯಾರೂ ಮುಂದೆ ಕೇಳುವುದಿಲ್ಲ. ಪರಿಹಾರದ ದುಡ್ಡಿಗೆ ಅಲೆದ ಕಥೆ ಇಲ್ಲಿ ಬೇಡ, ಅದು ಬರೆದರೆ ಇದು ಮುಗಿಯುವುದಿಲ್ಲ. ಮುಳುಗಡೆಯಾದವರಿಗಾಗಿ ಕಟ್ಟಿದ ನವನಗರಕ್ಕೆ ಬಂದು, ಸೆಕ್ಟರ್ ನಂಬರಿನ ವಿಳಾಸ ಇರುವ ಮನೆಯಲ್ಲಿ ಕುಳಿತೆವು. ರೈತನಾಗಿದ್ದವನಿಗೆ 58ಕ್ಕೆ ದಿಢೀರನೆ ಏನೂ ಕೆಲಸ ಇಲ್ಲದಂತಾಯಿತು.

ಆ ವರ್ಷ ಇವನು ನಡೆಯುವುದಿಲ್ಲ ಅಂದುಕೊಂಡಿದ್ದೆ. ಹೋಳಿ ಮರುದಿನ ಗಂಟು ಕಟ್ಟಿದ. ನನಗೆ ಸಿಟ್ಟು ಬಂತು. "ಇಷ್ಟು ವರ್ಷ ಹೋಗಿ ಏನು ಸಿಕ್ತಪಾ ನಿನಗ?" ಅಂದೆ. ಅವನು ಉತ್ತರ ಕೊಡಲಿಲ್ಲ. ಪಾತಾಳಗಂಗೆಯಲ್ಲಿ ಆ ವರ್ಷ ನಡೆದದ್ದನ್ನು ಜೊತೆಗೆ ಹೋದ ನಮ್ಮ ಕಾಕಾ ಬಂದು ಹೇಳಿದ. ಶ್ರೀಶೈಲದಲ್ಲಿ ಮೆಟ್ಟಿಲು ಇಳಿದು ಸ್ನಾನ ಮಾಡುವುದು ಕೃಷ್ಣೆಯಲ್ಲೇ. ಆಲಮಟ್ಟಿ, ನಾರಾಯಣಪುರ, ಜುರಾಲ ದಾಟಿ ಅಲ್ಲಿಗೆ ಮುಟ್ಟುವ ಅದೇ ನೀರು. ಅಪ್ಪ ಬೊಗಸೆ ನೀರು ತೆಗೆದುಕೊಂಡು ಬಹಳ ಹೊತ್ತು ನೋಡಿದನಂತೆ. ಆಮೇಲೆ, "ನಮ್ಮ ಹೊಲದ ಮ್ಯಾಲೆ ಹಾದು ಬಂದೈತಿ" ಅಂದು ತಲೆ ಮೇಲೆ ಸುರಿದುಕೊಂಡನಂತೆ.

ಇದನ್ನು ನಾನು ಬಹಳ ವರ್ಷ ಸೋಲು ಅಂತಲೇ ಓದಿದೆ. ಬಡವನ ಕೈಗೆ ಕೊಟ್ಟ ಸಮಾಧಾನ, ಅಷ್ಟೇ. ಈಗಲೂ ಪೂರ್ತಿ ಬೇರೆ ಅಂತ ಹೇಳಲಾರೆ. ದೇವರ ಹೆಸರಿನಲ್ಲಿ ನಮ್ಮ ಜನ ನುಂಗಬಾರದ್ದನ್ನೂ ನುಂಗುತ್ತಾರೆ, ಅದು ಸುಳ್ಳಲ್ಲ. ಆದರೆ ಮನೆಯಲ್ಲಿ ಆಮೇಲೆ ನಡೆದದ್ದು ನೋಡಿದ ಮೇಲೆ ಅಷ್ಟು ಸುಲಭವಾಗಿ ಷರಾ ಬರೆಯಲು ಧೈರ್ಯವಾಗುತ್ತಿಲ್ಲ.

2020ರ ಯುಗಾದಿ ಮಾರ್ಚ್ 25ಕ್ಕೆ ಬಂತು. ದೇಶ ಬಾಗಿಲು ಹಾಕಿದ್ದೂ ಅವತ್ತೇ. ಮೊಣಕಾಲು ಹೋದ ಮೇಲೆ ಅಪ್ಪ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ, ಆ ವರ್ಷ ಅದೂ ಇಲ್ಲ. ಮರುವರ್ಷ, 2021ರ ಮೇ ತಿಂಗಳಲ್ಲಿ, ಅವ್ವ ಹೋದಳು. ಆಸ್ಪತ್ರೆಯ ಒಳಗೆ ಬಿಡಲಿಲ್ಲ. ಕೊನೆಯಲ್ಲಿ ಮುಖ ಸರಿಯಾಗಿ ನೋಡಲಿಲ್ಲ. ಆ ಎರಡನೇ ಅಲೆಯಲ್ಲಿ ಮನೆಯವರನ್ನು ಕಳೆದುಕೊಂಡವರಿಗೆ ಇದಕ್ಕಿಂತ ಜಾಸ್ತಿ ಹೇಳಬೇಕಿಲ್ಲ.

ಅಪ್ಪ ಅಳಲಿಲ್ಲ. ವಿಭೂತಿ ಹಚ್ಚುವುದನ್ನು ಬಿಟ್ಟ.

ನಿಮಗೆ ಇದು ಸಣ್ಣದು ಅನ್ನಿಸಬಹುದು. ನಾನು ಹುಟ್ಟಿದಾಗಿನಿಂದ ಆ ಹಣೆಯನ್ನು ಬರಿದಾಗಿ ನೋಡಿದ್ದೇ ಇಲ್ಲ. ಹೊಲ ಮುಳುಗಿದಾಗಲೂ ಇಲ್ಲ. ಈಗ ಬೆಳಗ್ಗೆ ಎದ್ದು, ಮುಖ ತೊಳೆದು, ದೇವರ ಜಗಲಿ ಕಡೆ ನೋಡದೆ ಹೊರಗೆ ಬಂದು ಕಟ್ಟೆ ಮೇಲೆ ಕುಳಿತುಬಿಡುತ್ತಿದ್ದ. ಒಂದು ತಿಂಗಳಲ್ಲ, ಎರಡಲ್ಲ, ಮುಂದಿನ ಹೋಳಿಯವರೆಗೆ. ನನ್ನ ಹೆಂಡತಿ ದೀಪ ಹಚ್ಚುತ್ತಿದ್ದಳು. ಅವನು ಬೇಡ ಅನ್ನಲಿಲ್ಲ, ಕೈಯನ್ನೂ ಮುಗಿಯಲಿಲ್ಲ. ನೆಂಟರು ಬಂದು "ಎಲ್ಲಾ ಮಲ್ಲಯ್ಯನ ಇಚ್ಛೆ ನೋಡ್ರಿ ಕಾಕಾ" ಅಂದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದ. ನಾನು, ದೇವರ ವಿಷಯದಲ್ಲಿ ಅರ್ಧಂಬರ್ಧ ಮನಸ್ಸಿನವನು, ಲಿಂಗಸುಗೂರಿಂದ ವಾಪಸು ಬಂದವನು, ಅಪ್ಪನ ಹಣೆ ನೋಡಿ ಹೆದರಿದೆ. ಅವನು ನಂಬುತ್ತಿದ್ದಾನೆ ಅನ್ನುವುದರ ಮೇಲೆ ನಾನು ಎಷ್ಟು ಭಾರ ಹಾಕಿ ಕುಳಿತಿದ್ದೆ ಅಂತ ಗೊತ್ತಾದದ್ದೇ ಆಗ.

ಅಕ್ಕಮಹಾದೇವಿ ಇದೇ ಚೆನ್ನಮಲ್ಲಿಕಾರ್ಜುನನನ್ನು ಹುಡುಕಿಕೊಂಡು ಶ್ರೀಶೈಲದ ಕದಳಿಗೆ ಹೋದವಳು. ಚಿಕ್ಕ ವಯಸ್ಸಿನಲ್ಲೇ ಅಲ್ಲಿ ಐಕ್ಯಳಾದಳು ಅಂತ ಹೇಳುತ್ತಾರೆ. ಅವಳ ಮುಂದೆ ನಾವೆಲ್ಲ ಏನೂ ಅಲ್ಲ. ಆದರೂ ಆ ದಿನಗಳಲ್ಲಿ ನನಗೊಂದು ಪೆದ್ದು ಯೋಚನೆ ಬರುತ್ತಿತ್ತು. ಅಕ್ಕ 77ರವರೆಗೆ ಇದ್ದಿದ್ದರೆ, ಮೊಣಕಾಲು ಹೋಗಿ, ಜೊತೆಯವರೆಲ್ಲ ಒಬ್ಬೊಬ್ಬರಾಗಿ ಹೋಗಿ, ರಾತ್ರಿ ಮೂರು ಸಲ ಎದ್ದು ಬಚ್ಚಲಿಗೆ ನಡೆಯುವಂತಾಗಿದ್ದರೆ, ಆಗ ಅವನಿಗೆ ಏನು ಹೇಳುತ್ತಿದ್ದಳು? ಹರೆಯದ ಭಕ್ತಿಗೆ ನಮ್ಮಲ್ಲಿ ಎಷ್ಟೊಂದು ಮಾತುಗಳಿವೆ. ದಿನಾ ಸಂಜೆ ಕಟ್ಟೆ ಮೇಲೆ ಕುಳಿತವನ ಭಕ್ತಿಗೆ ಅಷ್ಟು ಮಾತು ಸಿಗುವುದಿಲ್ಲ.

2022ರ ಹೋಳಿ ಆಯಿತು. ಕಂಬಿ ಬರುವ ಸದ್ದು ಕೇಳಿತು. ಅಪ್ಪ ಒಳಗೆ ಎದ್ದು ಹೋಗುತ್ತಾನೆ ಅಂದುಕೊಂಡೆ. ಅವನು ಸೊಸೆಯನ್ನು ಕರೆದು, "ಒಂದು ಕೊಡ ನೀರು ತರವ್ವ" ಅಂದ. ಬಾಗಿಲ ಮುಂದೆ ಮಣೆ ಹಾಕಿ ಕುಳಿತು, ನಡೆದುಕೊಂಡು ಬಂದವರ ಕಾಲಿಗೆ ನೀರು ಹಾಕಿದ. ಇಪ್ಪತ್ತು ವರ್ಷದ ಹುಡುಗರು, "ಬ್ಯಾಡ್ರಿ ಅಜ್ಜಾರ, ನೀವು ಹಿರ್ಯಾರು" ಅಂದು ಕಾಲು ಹಿಂದಕ್ಕೆ ಎಳೆದುಕೊಂಡರೆ, ಪಾದ ಹಿಡಿದು ಎಳೆದುಕೊಂಡು ತೊಳೆದ. ಹಣೆ ಮಾತ್ರ ಬರಿದೇ ಇತ್ತು.

ರಾತ್ರಿ ಕೇಳಿದೆ, "ಸಿಟ್ಟು ಹೋತೇನಪಾ?"

"ಇಲ್ಲ."

"ಮತ್ತ?"

ಬಹಳ ಹೊತ್ತು ಬಿಟ್ಟು ಹೇಳಿದ. "ಅಳಿಯನ ಮ್ಯಾಲ ಸಿಟ್ಟು ಬಂದ್ರ ಮಗಳನ್ನ ಬಿಡಾಕ ಬರತೈತೇನ ತಮ್ಮಾ? ಸಂಬಂಧ ಮಾಡೀವಿ. ಅವಂಗ ನಾಕ ಮಾತು ಬೈತೀನಿ, ಬೈದು ಅಲ್ಲೇ ಕುಂದರತೀನಿ."

ನಂಬಿಕೆ ಅಂದರೆ ಅಲುಗಾಡದ ಬಂಡೆ ಅಂತ ಪ್ರವಚನಗಳಲ್ಲಿ ಹೇಳುತ್ತಾರೆ. ನಾನು ಕಂಡದ್ದು ಅಂಥದ್ದಲ್ಲ. ಐವತ್ತೊಂಬತ್ತು ವರ್ಷ ಕಟ್ಟಿಕೊಂಡು ಬಂದ ಬೀಗತನ ಅದು. ಕೊಡು ಕೊಳ್ಳುವಿಕೆ, ಮುನಿಸು, ಮಾತು ಬಿಡುವುದು, ಹಬ್ಬಕ್ಕೆ ಮತ್ತೆ ಹೋಗುವುದು ಎಲ್ಲ ಅದರಲ್ಲಿದೆ. ರಿಟೈರ್ ಆದ ಮರುದಿನ ಇದನ್ನು ಶುರು ಮಾಡಲು ಆಗುತ್ತದೆಯೇ? ಆಗುತ್ತದೇನೋ. ಆದರೆ ಬೈದು ಅಲ್ಲೇ ಕೂರುವಷ್ಟು ಸಲಿಗೆ ಅಷ್ಟು ಬೇಗ ಬರಲಿಕ್ಕಿಲ್ಲ ಅಂತ ನನ್ನ ಅನುಮಾನ. ಹೊಸ ಬೀಗರ ಮನೆಯಲ್ಲಿ ನಾವು ಚಹಾಕ್ಕೆ ಸಕ್ಕರೆ ಕಡಿಮೆಯಾದರೂ ಹೇಳುವುದಿಲ್ಲ ಅಲ್ವಾ, ಹಾಗೆ. ನನಗೇ ಆ ಸಲಿಗೆ ಇಲ್ಲ. ನಾನು ದೇವರ ಮುಂದೆ ಇನ್ನೂ ಹೊಸ ಅಳಿಯನ ಹಾಗೆ ಬಿಗಿದುಕೊಂಡೇ ನಿಲ್ಲುತ್ತೇನೆ.

ವಿಭೂತಿ ಯಾವಾಗ ಮತ್ತೆ ಬಂತು ಅಂತ ನನಗೆ ನೆನಪಿಲ್ಲ. ಒಂದು ದಿನ ನೋಡಿದಾಗ ಇತ್ತು. ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಅವ್ವ ಹೋದ ಮೇಲೆ ಸೀರೆ ಒಯ್ಯುವುದು ನಿಂತಿತ್ತು. ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಈ ವರ್ಷ ಹೋಳಿಗೆ ಎಂಟು ದಿನ ಇರುವಾಗ ಅಪ್ಪನೇ, "ಇಳಕಲ್ಲಿಗೆ ಹೋಗೂಣು" ಅಂದ. ಕಾರಿನಲ್ಲಿ ಕೂರಿಸಿಕೊಂಡು ಹೋದೆ. ಅಂಗಡಿಯಲ್ಲಿ ಮೂರು ತಾಸು. ಹೆಂಗಸರ ಸೀರೆ ಆರಿಸಿ ಗೊತ್ತಿಲ್ಲದ ಮನುಷ್ಯ, ಒಂದೊಂದನ್ನೇ ಬಿಚ್ಚಿಸಿ, ಬೆಳಕಿಗೆ ಹಿಡಿದು, ಸೆರಗು ಮೂಸಿ ನೋಡಿ, "ಇದು ಆಕಿ ಒಪ್ಪತಿದ್ದಿಲ್ಲ" ಅಂತ ಬದಿಗೆ ಇಡುತ್ತಿದ್ದ. ಆಕಿ ಅಂದರೆ ಅವ್ವನೋ ಭ್ರಮರಾಂಬೆಯೋ ಅಂಗಡಿಯವನಿಗೆ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಕೊನೆಗೆ ಹಸಿರು ಒಡಲು, ಕೆಂಪು ಸೆರಗಿನದು ಆಯಿತು.

ಸೀರೆಯನ್ನು ನಮ್ಮ ಓಣಿಯ ಹುಡುಗನ ಕೈಗೆ ಕೊಟ್ಟೆವು, ಅವನಿಗೆ ಇದು ಮೊದಲನೇ ನಡಿಗೆ. ಚೀಲಕ್ಕೆ ಇಟ್ಟುಕೊಳ್ಳುತ್ತ ಕೇಳಿದ, "ಅಜ್ಜಾ, ನಿಮ್ಮ ಹೆಸರಲೇ ಮಲ್ಲಯ್ಯಗ ಏನರ ಬೇಡ್ಕೊಂಡು ಬರಲೇನ್ರಿ?"

"ಅಂವನ್ನ ಏನೂ ಕೇಳಬ್ಯಾಡ," ಅಂದ ಅಪ್ಪ. "ಮಗಳಿಗೆ ಬಣ್ಣ ಮನಸಿಗೆ ಬಂತೇನ ಕೇಳಿಕೊಂಡು ಬಾ."